ಮಳೆಗಾಲದ ಘಾಟಿ ಕಾಮಗಾರಿಗೆ ಸೋಲಾರ್ ಮೆಸೇಜ್ ಬೋರ್ಡ್: ಫುಲ್ ಕಲರ್ ತಗೊಳ್ಳಲೋ, ಅಂಬರ್ (ಹಳದಿ-ಕಿತ್ತಳೆ ಒಂದೇ ಬಣ್ಣ) ಸಾಕೋ?

ಬಣ್ಣದ ವಿಚಾರ ಆಮೇಲೆ. ಮಳೆಗಾಲ, ಘಾಟಿ, ಸೋಲಾರ್ ಮೂರನ್ನೂ ಒಂದೇ ಸಾಲಲ್ಲಿ ಬರೆದಿದ್ದೀರಲ್ಲ, ಓದಿ ಸಂಕಟವಾಯಿತು. ಶಿರಾಡಿಯ ಕೆಳಗೆ, ಹೆದ್ದಾರಿ 75ರಲ್ಲಿ, ಒಬ್ಬ ಸಬ್ ಕಾಂಟ್ರಾಕ್ಟರ್ ಹತ್ತಿರ ಟ್ರಾಫಿಕ್ ನೋಡಿಕೊಳ್ಳುತ್ತಿದ್ದೆ. ಟ್ರಾಲಿ ಮೇಲಿನ ವಿಎಂಎಸ್ ಬೋರ್ಡ್, ಅಂದರೆ ಬೇಕಾದ ಸಂದೇಶ ಬದಲಾಯಿಸಿ ತೋರಿಸೋ ಎಲ್‌ಇಡಿ ಬೋರ್ಡ್, ತರಿಸಿದ್ದು ನಾನೇ. ಫುಲ್ ಕಲರ್ರೇ. ಕೊಟೇಶನ್ನಿನಲ್ಲಿ 'ಬಿಸಿಲಿಲ್ಲದಿದ್ದರೂ ಐದು ದಿನ' ಅಂತಿತ್ತು, ಅಷ್ಟಕ್ಕೇ ಒಪ್ಪಿಬಿಟ್ಟೆ.

ಆ ಐದು ದಿನ ಹೇಗೆ ಬಂತು ಅಂತ ಕೇಳಬೇಕಿತ್ತು. ಐದರಲ್ಲೊಂದು ಪಾಲು ಎಲ್‌ಇಡಿ ಮಾತ್ರ ಉರಿಯುತ್ತೆ ಅಂತ ಹಿಡಿದು ಹಾಕಿದ ಲೆಕ್ಕ ಅದು. ನಾವು ಹಾಕಿದ್ದು ಬಿಳಿ ಹಿನ್ನೆಲೆ, ಕೆಂಪು ಬಾಣ, ಕನ್ನಡ, ಇಂಗ್ಲಿಷ್, ಎಲ್ಲ. ದಿನಕ್ಕೆ ಹತ್ತಿರಹತ್ತಿರ ಒಂದು ಯೂನಿಟ್ ಎಳೆಯುತ್ತಿತ್ತು. 300 ವಾಟ್ ಪ್ಯಾನೆಲ್ ಏಪ್ರಿಲ್‌ನಲ್ಲಿ 1.3 ಯೂನಿಟ್ ಕೊಟ್ಟೀತು. ಜುಲೈ ಮೋಡದಲ್ಲಿ ಅರ್ಧ ಯೂನಿಟ್ ಬಂದರೆ ಪುಣ್ಯ. 12 ವೋಲ್ಟಿನ 150 ಎಎಚ್ ಬ್ಯಾಟರಿ ಎರಡು, ಕಾಗದದ ಮೇಲೆ 3.6 ಯೂನಿಟ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತೆ, ಹಾಗಾಗಿ ಕೈಗೆ ಸಿಗೋದು 1.8. ದಿನಾ ಅರ್ಧ ಯೂನಿಟ್ ಖೋತಾ ಹಾಕಿ, ನೀವೇ ಕಳೆದು ನೋಡಿ. ಸಾಲದ್ದಕ್ಕೆ ಟ್ರಾಲಿ ನಿಲ್ಲಿಸಿದ್ದು ಮರದ ಕೆಳಗೆ. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಮೂಲೆಯಷ್ಟೇ ಅಲ್ಲ, ಇಡೀ ಪ್ಯಾನೆಲ್ಲಿಗೆ ಪೆಟ್ಟು.

ವೋಲ್ಟೇಜ್ ಇಳಿದ ಕೂಡಲೇ ಕಂಟ್ರೋಲರ್ ತಾನಾಗಿ ಬೋರ್ಡ್ ಆಫ್ ಮಾಡುತ್ತೆ. ಅದು ಆಗೋದು ಬೆಳಗಿನ ಜಾವ, ಬೆಂಗಳೂರಿನ ರಾತ್ರಿ ಬಸ್ಸುಗಳು ಘಾಟಿ ಇಳಿಯೋ ಹೊತ್ತಿಗೆ. ಒಂದು ಲಾರಿ ಮುಚ್ಚಿದ ಲೇನಿಗೇ ನುಗ್ಗಿ ಬ್ಯಾರಿಕೇಡು, ಕೋನು ಎಲ್ಲ ಹಾರಿಸಿಕೊಂಡು ಹೋಯಿತು. ಯಾರಿಗೂ ಏನೂ ಆಗಲಿಲ್ಲ. ಬಿಲ್ಲಿನಲ್ಲಿ ದಂಡ ಹಿಡಿದರು, ನನ್ನ ಕೆಲಸವೂ ಹೋಯಿತು.

ಅಂಬರ್ ಸಾಕು. ಕರೆಂಟ್ ಕಡಿಮೆ ತಿನ್ನುತ್ತೆ, ಮಂಜಿನಲ್ಲೂ ಕಾಣುತ್ತೆ. ಅದಕ್ಕಿಂತ ಮುಖ್ಯ, ಬೋರ್ಡಿನಲ್ಲಿ ಎಷ್ಟು ಸಾಲು ಎಲ್‌ಇಡಿ ಚುಕ್ಕೆ ಇದೆ ನೋಡಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಏಳು ಸಾಲು ಸಾಕು. ಕನ್ನಡದ ಒತ್ತಕ್ಷರಕ್ಕೆ 16 ಆದರೂ ಬೇಕು, ಇಲ್ಲದಿದ್ದರೆ 'ರಸ್ತೆ' ಹೋಗಿ 'ರಸೆ' ಆಗುತ್ತೆ. ದುಡ್ಡು ಕೊಡುವ ಮುಂಚೆ 150 ಮೀಟರ್ ದೂರ ನಿಂತು ಓದಿ. 60ರ ವೇಗದಲ್ಲಿ ಬರೋ ಡ್ರೈವರಿಗೆ ಆ ದೂರದಲ್ಲಿ ಸಿಗೋದು ಒಂಬತ್ತು ಸೆಕೆಂಡ್. ಒಂದಾದ ಮೇಲೊಂದು ಬರೋ ಸ್ಕ್ರೀನ್ ಎರಡಕ್ಕಿಂತ ಹೆಚ್ಚು ಹಾಕಬೇಡಿ, ಅಕ್ಷರ ಓಡಿಸೋದಂತೂ ಬೇಡವೇ ಬೇಡ.

ನನ್ನ ಕೇಳಿದರೆ ಘಾಟಿಯೊಳಗೆ ಆ ಬೋರ್ಡೇ ಬೇಡ. ನಿಮ್ಮದು ಯಾವ ಘಾಟಿಯೋ ಬರೆದಿಲ್ಲ. ಶಿರಾಡಿಯಾದರೆ, ಮಂಗಳೂರು ಕಡೆಯಿಂದ ಬರೋ ಕಾರಿನವನು ಚಾರ್ಮಾಡಿಗೆ ತಿರುಗಬೇಕೋ ಬೇಡವೋ ಅಂತ ದಾರಿ ಕವಲೊಡೆಯೋ ಬಿ.ಸಿ.ರೋಡಿನಲ್ಲೇ ನಿರ್ಧರಿಸಬೇಕು. ಘಾಟಿಯ ಬುಡದ ಗುಂಡ್ಯ ದಾಟಿದ ಮೇಲೆ 'ಮುಂದೆ ರಸ್ತೆ ಬಂದ್' ಅಂತ ತೋರಿಸಿದರೆ ಅವನು ಬೈಯೋದು ಬಿಟ್ಟು ಇನ್ನೇನು ಮಾಡಿಯಾನು? ಬಿ.ಸಿ.ರೋಡಿನಲ್ಲಿ ಲೈನ್ ಕರೆಂಟ್ ಸಿಗುತ್ತೆ, ಸೋಲಾರಿನ ಗೊಡವೆಯೇ ಇಲ್ಲ. ಉಳಿದ ದುಡ್ಡಲ್ಲಿ ಕೆಲಸದ ಜಾಗಕ್ಕೆ ಒಳ್ಳೆ ರಿಫ್ಲೆಕ್ಟರ್ ಬೋರ್ಡು, ಬಾವುಟ ಹಿಡಿಯೋ ಹುಡುಗರಿಗೆ ರೈನ್‌ಕೋಟು, ಟಾರ್ಚು ಕೊಡಿಸಿ.