ಕರಣಿ ಬಿಡಬೇಡಿ, ಮೊದಲು ಅಡುಗೆಮನೆ ಮುಗಿಸಿ

ಪ್ರಶ್ನೆ: ನನಗೆ 61 ವರ್ಷ. ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೆ, ಹೋದ ವರ್ಷ ನಿವೃತ್ತನಾದೆ. ರಾಯಚೂರಿನಲ್ಲಿ ತಂದೆಯ ಕಾಲದ ಮನೆ ಇದೆ. ಮುಂದಿನ ಭಾಗ ಕಲ್ಲು-ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹಿಂದಿನ ಭಾಗ ಆರ್‌ಸಿಸಿ. ರಿಪೇರಿಯನ್ನೆಲ್ಲ ನಾನೇ ಮಾಡಬೇಕೆಂದು ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತೆ. ಪಡಸಾಲೆ ಗೋಡೆಗೆ ಸಿಮೆಂಟ್ ಹಾಕಿದೆ, ಅದು ಉಬ್ಬಿ ಉದುರುತ್ತಿದೆ. ಅಡುಗೆಮನೆಯ ಶಹಾಬಾದ್ ಕಲ್ಲು ಕಿತ್ತಿದ್ದೇನೆ. ಬಚ್ಚಲು ಅರ್ಧಕ್ಕೆ ನಿಂತಿದೆ. ಮಾಳಿಗೆ ಕೆಲಸವನ್ನೂ ಶುರು ಮಾಡಿದ್ದೆ. ಮೂರು ತಿಂಗಳಿಂದ ನನ್ನ ಹೆಂಡತಿ ಪಡಸಾಲೆಯಲ್ಲೇ ಗ್ಯಾಸ್ ಇಟ್ಟುಕೊಂಡು ಅಡುಗೆ ಮಾಡುತ್ತಿದ್ದಾಳೆ. ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬೆಂಗಳೂರಿನಲ್ಲಿರುವ ಮಗ, "ಅಪ್ಪಾ, ರೊಕ್ಕ ನಾ ಕೊಡ್ತೀನಿ, ಕಂಟ್ರಾಕ್ಟರಿಗೆ ಕೊಟ್ಟುಬಿಡ್ರಿ. ಮಂದಿ ನನ್ನ ಕೇಳ್ತಾರ" ಅನ್ನುತ್ತಾನೆ. ಆದರೆ ಕೈಯಲ್ಲಿ ಕರಣಿ ಹಿಡಿದಾಗ ಮಾತ್ರ ನಾನು ಬದುಕಿದ್ದೇನೆ ಅನ್ನಿಸುತ್ತೆ. ಇದು ಹುಚ್ಚಾ?

ಉತ್ತರ: ಖಂಡಿತ ಹುಚ್ಚಲ್ಲ ಸರ್. ಸರ್ವಿಸ್ ಪೂರ್ತಿ ನೀವು ಬರೆದದ್ದೆಲ್ಲ ಇನ್ನೊಬ್ಬರ ಮೇಜಿಗೆ ಹೋಯಿತು. ಅಲ್ಲಿಂದ ಮುಂದೆ ಅದು ಏನಾಯಿತು ಅಂತ ಎಷ್ಟೋ ಸಲ ನಿಮಗೆ ಗೊತ್ತೂ ಆಗಿರಲಿಕ್ಕಿಲ್ಲ. ಈಗ ಒಂದು ಕಲ್ಲು ಕೂರಿಸಿದರೆ ಅದು ಅಲ್ಲೇ ಇರುತ್ತೆ. ಸಂಜೆ ಅದರ ಮೇಲೆ ಕಾಲಿಟ್ಟು ನೋಡಬಹುದು. ಅಲುಗಿದರೆ ತಪ್ಪು, ಅಲುಗದಿದ್ದರೆ ಸರಿ. ಯಾರ ಸಹಿಯೂ ಬೇಡ. ಈ ಸಮಾಧಾನ ಸಣ್ಣದಲ್ಲ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ನಾಲ್ಕು ಕಡೆ ಕೆಲಸ ಶುರುವಾಗಿದೆ, ಒಂದೂ ಮುಗಿದಿಲ್ಲ. ಪ್ರತಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿಯೇ ಮನೆಗೆ ಹೋಗುತ್ತಿದ್ದವರು ನೀವು. ಅರ್ಧಕ್ಕೆ ಬಿಡುವುದು ನಿಮ್ಮ ಸ್ವಭಾವ ಇರಲಾರದು. ಮುಗಿದುಬಿಟ್ಟರೆ ನಾಳೆ ಬೆಳಿಗ್ಗೆ ಎದ್ದು ಏನು ಮಾಡುವುದು ಅನ್ನುವ ದಿಗಿಲು ಎಲ್ಲೋ ಒಳಗಿದೆ ಅಂತ ನನಗನ್ನಿಸುತ್ತೆ. ಅದಕ್ಕೇ ಒಂದು ಮುಗಿಯುವ ಮೊದಲೇ ಇನ್ನೊಂದನ್ನು ಅಗೆಯುತ್ತೀರಿ. ಇದು ತಪ್ಪಿದ್ದರೆ ಕ್ಷಮಿಸಿ. ನಿಜವಾಗಿದ್ದರೆ, ಆ ದಿಗಿಲಿಗೆ ಬೆಲೆ ತೆರುತ್ತಿರುವವರು ನಿಮ್ಮ ಹೆಂಡತಿ.

ನಿಮಗೆ ನಿವೃತ್ತಿಯಾಯಿತು, ಅವರಿಗೆ ಆಗಿಲ್ಲ. ಮೊದಲು ಎಷ್ಟು ರೊಟ್ಟಿ ಬಡಿಯುತ್ತಿದ್ದರೋ ಈಗಲೂ ಅಷ್ಟೇ ಬಡಿಯುತ್ತಾರೆ. ಅವರ ಕಚೇರಿ ಅಂದರೆ ಆ ಅಡುಗೆಮನೆ. ಅದರ ನೆಲವನ್ನೇ ನೀವು ಕಿತ್ತಿದ್ದೀರಿ. ಪಡಸಾಲೆಯಲ್ಲಿ ಗೋಡೆ ಉದುರುವ ಜಾಗದಲ್ಲೇ ಜೋಳದ ಹಿಟ್ಟು ನಾದಬೇಕು ಅಂದರೆ ಯಾರಿಗಾದರೂ ಸಾಕಾಗುತ್ತೆ. ಮೂರು ತಿಂಗಳು ತಡೆದುಕೊಂಡು ಆಮೇಲೆ ಮಾತು ಬಿಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಅವರ ತಾಳ್ಮೆ ದೊಡ್ಡದು.

ಇವತ್ತೇ ಅವರ ಹತ್ತಿರ ಹೋಗಿ "ತಪ್ಪಾಯ್ತು" ಅನ್ನಿ. ವಿಡಿಯೋ ತೋರಿಸಬೇಡಿ, ಕಾರಣ ಹೇಳಬೇಡಿ. "ನಿನಗ ಹೆಂಗ ಬೇಕು ಹೇಳು, ಹಂಗ ಮಾಡೋಣು" ಅಂತ ಕೇಳಿ. ಉತ್ತರ ಆ ದಿನವೇ ಬರಲಿಕ್ಕಿಲ್ಲ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಬಚ್ಚಲು, ಮಾಳಿಗೆ, ಪಡಸಾಲೆ ಗೋಡೆ ಎಲ್ಲವೂ ಕಾಯಲಿ. ಅಡುಗೆಮನೆ ಮುಗಿಯುವ ತನಕ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಅಡುಗೆ ಕಟ್ಟೆಯನ್ನು ಅವರ ಅಳತೆಗೆ ಮಾಡಿ, ಅಂಗಡಿಯವರು ಹೇಳುವ ಅಳತೆಗಲ್ಲ. ಹೆಚ್ಚುವುದಕ್ಕೆ, ರುಬ್ಬುವುದಕ್ಕೆ ಮೊಣಕೈಗಿಂತ ಸ್ವಲ್ಪ ಕೆಳಗಿನ ಎತ್ತರ ಸಾಕು. ರೊಟ್ಟಿ ಬಡಿಯುವುದಕ್ಕೆ ಕಟ್ಟೆ ಇನ್ನೂ ತಗ್ಗಿರಬೇಕು. ಇಲ್ಲದಿದ್ದರೆ ಭುಜ ಎತ್ತಿ ಎತ್ತಿ ಬಡಿಯಬೇಕಾಗುತ್ತೆ, ರಾತ್ರಿ ತೋಳು ನೋಯುತ್ತೆ. ಒಂದೇ ಕಟ್ಟೆಯನ್ನು ಎರಡು ಎತ್ತರದಲ್ಲಿ ಕಟ್ಟಬಹುದು. ಮೊದಲು ಇಟ್ಟಿಗೆ ಜೋಡಿಸಿ ಮೇಲೆ ಹಲಗೆ ಇಡಿ. ಒಂದು ವಾರ ಅವರು ಅದರ ಮೇಲೆ ರೊಟ್ಟಿ ಮಾಡಿ ನೋಡಲಿ. ಒಂದು ಇಟ್ಟಿಗೆ ಹೆಚ್ಚು, ಒಂದು ಕಡಿಮೆ ಅಂತ ಅವರೇ ಹೇಳುತ್ತಾರೆ. ಆಮೇಲೆ ಕಟ್ಟೆ ಕಟ್ಟಿ. ಇಂಥ ಕೆಲಸವನ್ನು ಯಾವ ಕಂಟ್ರಾಕ್ಟರೂ ಇಷ್ಟು ತಾಳ್ಮೆಯಿಂದ ಮಾಡಲಾರ. ಇಲ್ಲಿ ನಿಮ್ಮ ಬಿಡುವು ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ಕಿತ್ತ ಶಹಾಬಾದ್ ಕಲ್ಲನ್ನು ಬಿಸಾಡಬೇಡಿ. ಅದು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ನೆಲ. ಅವರು ಟೈಲ್ಸ್ ಬೇಕು ಅಂದರೆ ಮಾತ್ರ ಟೈಲ್ಸ್.

ಇನ್ನು ಪಡಸಾಲೆ ಗೋಡೆ. ಅದು ಉದುರಿದ್ದಕ್ಕೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಕಲ್ಲು-ಮಣ್ಣಿನ ಹಳೇ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತೆ. ಮೊದಲಿದ್ದ ಮಣ್ಣು ಅಥವಾ ಸುಣ್ಣದ ಗಾರೆಯ ಮೂಲಕ ಆ ತೇವ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟ್ ಅದಕ್ಕೆ ಅಡ್ಡ ನಿಂತಿದೆ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಪ್ಲಾಸ್ಟರನ್ನು ಹಿಂದಿನಿಂದ ತಳ್ಳುತ್ತೆ. ಎಷ್ಟು ಸಲ ಸಿಮೆಂಟ್ ಹಾಕಿದರೂ ಇದೇ ಕಥೆ. ಹಾಕಿದ ಸಿಮೆಂಟ್ ಪೂರ್ತಿ ತೆಗೆಯಿರಿ. ಬೇಸಿಗೆಯಲ್ಲಿ ಗೋಡೆ ಬರಿಮೈಯಲ್ಲೇ ಆರಲಿ. ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತೆ, ಅದು ನಿಮ್ಮ ಪರವಾಗಿ ಕೆಲಸ ಮಾಡಲಿ. ಹೊರಗಡೆ ಬಚ್ಚಲ ನೀರು ಗೋಡೆಯ ಬುಡಕ್ಕೆ ಹೋಗುತ್ತಿದೆಯೇ ನೋಡಿ. ಹೋಗುತ್ತಿದ್ದರೆ ಅದನ್ನು ತಿರುಗಿಸದೆ ಮುಂದಿನದು ಬೇಡ. ಮಳೆಗಾಲ ಕಳೆದ ಮೇಲೆ ಸುಣ್ಣದ ಗಾರೆ ಹಾಕಿ, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತೆ. ಬಿಸಿಗಾಳಿಯಲ್ಲಿ ಹಾಕಿದರೆ ಅಷ್ಟರೊಳಗೇ ಒಣಗಿ ಪುಡಿಯಾಗುತ್ತೆ. ಹಾಕಿದ ಮೇಲೆ ಕೆಲವು ದಿನ ನೀರು ಚಿಮುಕಿಸುತ್ತಾ ತೇವ ಇಡಿ. ಸುಟ್ಟ ಸುಣ್ಣ ತಂದು ನೀವೇ ನೀರಿಗೆ ಹಾಕುವುದಾದರೆ ಜೋಪಾನ. ಅದು ಕೊತಕೊತ ಕುದಿದು ಸಿಡಿಯುತ್ತೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಹಾಕಿಕೊಳ್ಳಿ.

ಮಾಳಿಗೆಯನ್ನು ನೀವು ಮುಟ್ಟಬೇಡಿ. ಇದನ್ನು ಸಲಹೆ ಅಂತಲ್ಲ, ಕೇಳಿಕೊಳ್ಳುತ್ತಿದ್ದೇನೆ ಅಂತ ತಿಳಿಯಿರಿ. ಹಿಂದಿನವರು ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಿ ಸೋರುವುದನ್ನು ತಡೆಯುತ್ತಿದ್ದರು. ಈಗ ಅದರ ಮೇಲೆ ಸಿಮೆಂಟ್ ಕಾಂಕ್ರೀಟ್ ಸುರಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕೆಳಗಿನ ತೊಲೆಗಳು ಆ ಭಾರ ತಾಳುತ್ತವೆಯೋ ಇಲ್ಲವೋ, ಗೆದ್ದಲು ತಿಂದಿದೆಯೋ ಇಲ್ಲವೋ ಅಂತ ತಿಳಿದವರು ನೋಡಬೇಕು. ಗೋಡೆಯಲ್ಲಿ ಬಿರುಕಿದ್ದರೆ ಅದನ್ನೂ ಅವರಿಗೆ ತೋರಿಸಿ. ಎರೆ ಮಣ್ಣಿನ ಮೇಲೆ ನಿಂತ ಮನೆಯಾದರೆ ಮಳೆಗೆ ನೆಲ ಉಬ್ಬಿ ಬೇಸಿಗೆಗೆ ಕುಗ್ಗುತ್ತೆ, ಗೋಡೆ ಸೀಳುತ್ತೆ. ಸುಮ್ನೆ ಪುಟ್ಟಿ ತುಂಬಿದರೆ ಬಿರುಕು ಮುಚ್ಚುತ್ತೆ, ಕಾರಣ ಹಾಗೇ ಉಳಿಯುತ್ತೆ. ವೈರಿಂಗ್ ಎಲೆಕ್ಟ್ರಿಷಿಯನ್‌ಗೆ ಬಿಡಿ. ಕಲ್ಲು ಕೊಯ್ಯುವಾಗ ಮಾಸ್ಕ್ ಹಾಕಿ, ಕಲ್ಲಿಗೆ ನೀರು ಬಿಡಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಇನ್ನೊಬ್ಬರು ಇಲ್ಲದಾಗ ಏಣಿ ಹತ್ತಬೇಡಿ. ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ ಏಣಿಯ ವಿಷಯ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ.

ಮತ್ತೆ ವಿಡಿಯೋ ಸಾಕು. ಒಬ್ಬ ಹಿರಿಯ ಗೌಂಡಿಯನ್ನು ಹುಡುಕಿ, ಸುಣ್ಣದ ಕೆಲಸ ಬಲ್ಲವರು. ಪೂರ್ತಿ ಕೂಲಿ ಕೊಟ್ಟು ವಾರದಲ್ಲಿ ಎರಡು ದಿನ ಕರೆಯಿರಿ. ಅವರು ಮಾಡಲಿ, ನೀವು ಕೈಯಾಳಾಗಿ ನಿಲ್ಲಿ. ಉಳಿದ ದಿನ ಅವರು ಹೇಳಿಕೊಟ್ಟಿದ್ದನ್ನು ನೀವು ಮಾಡಿ. ತೂಕದ ಗುಂಡು ಬಿಟ್ಟು ಗೋಡೆ ನೋಡುವುದು, ಗಾರೆಯ ಹದ ಕರಣಿಯಲ್ಲೇ ತಿಳಿಯುವುದು, ಇವೆಲ್ಲ ಪಕ್ಕದಲ್ಲಿ ನಿಂತರೆ ಬೇಗ ಬರುತ್ತವೆ. ಒಳ್ಳೆಯ ಮೇಸ್ತ್ರಿಗೆ ಕಲಿಯುವ ಆಸೆ ಇರುವವರನ್ನು ಕಂಡರೆ ಖುಷಿಯೇ ಆಗುತ್ತೆ.

ಮಗನ ಮಾತು ಕೊನೆಗೆ ಇಟ್ಟುಕೊಂಡೆ. ಅವನ ಪ್ರೀತಿ ನಿಜ, ಸಂಕೋಚವೂ ನಿಜ. ವಯಸ್ಸಾದ ಅಪ್ಪನ ಕೈಲಿ ಗೌಂಡಿ ಕೆಲಸ ಮಾಡಿಸುತ್ತಾನೆ ಅಂತ ಮಂದಿ ಅನ್ನುತ್ತಾರೆ ಅನ್ನುವ ಭಯ ಅವನಿಗಿದೆ. ಮುಂದಿನ ಸಲ ಊರಿಗೆ ಬಂದಾಗ ಅವನನ್ನು ನಮ್ಮ ಕೋಟೆಗೆ ಕರೆದುಕೊಂಡು ಹೋಗಿ. 1294ರಲ್ಲಿ, ಕಾಕತೀಯ ಅರಸರ ಕೈಕೆಳಗಿದ್ದ ಗೋರೆ ಗಂಗಯ್ಯ ರೆಡ್ಡಿಯವರ ಕಾಲದಲ್ಲಿ ಕೋಟೆ ಕಟ್ಟಿದ್ದನ್ನು ಹೇಳುವ ಆ ಉದ್ದನೆಯ ಶಾಸನದ ಕಲ್ಲಿದೆಯಲ್ಲ, ಸುಮಾರು 41 ಅಡಿಯದು. ಅಷ್ಟು ದೊಡ್ಡ ಕಲ್ಲನ್ನು ಬಂಡಿ ಮೇಲೆ ಹೇರಿ ಕೋಣಗಳು ಎಳೆಯುವುದನ್ನು, ಜನ ಹಿಂದಿನಿಂದ ಸನ್ನೆಗೋಲು ಹಾಕಿ ಗಾಲಿ ನೂಕುವುದನ್ನು ಅದೇ ಗೋಡೆಯಲ್ಲಿ ಕೊರೆದಿದ್ದಾರೆ. ಕಟ್ಟಿಸಿದವರ ಹೆಸರಿನ ಜೊತೆ ಕಲ್ಲು ಹೊತ್ತವರ ಬೆವರಿಗೂ ಆ ಗೋಡೆಯಲ್ಲಿ ಜಾಗ ಸಿಕ್ಕಿದೆ. ಅದನ್ನು ನೋಡಿದ ಮೇಲೆ ಮಂದಿ ಏನಂತಾರೆ ಅನ್ನುವುದರ ಬಗ್ಗೆ ಅವನ ಹತ್ತಿರ ಮಾತಾಡುವುದು ಸುಲಭ.

ಅವನ ದುಡ್ಡನ್ನೂ ಬೇಡ ಅನ್ನಬೇಡಿ, ಅದರಲ್ಲಿ ಸೋಲೇನಿಲ್ಲ. ಮಾಳಿಗೆ ಮತ್ತು ವೈರಿಂಗ್ ಖರ್ಚು ಅವನದು, ಅಡುಗೆಮನೆ ಮತ್ತು ಗೋಡೆ ನಿಮ್ಮದು ಅಂತ ಹಂಚಿಕೊಳ್ಳಿ. ಫೋನ್ ಮಾಡಿದಾಗ ಮೊದಲು ಅವನ ಅವ್ವನ ಕೈಗೆ ಕೊಡಿ, ಕಟ್ಟೆ ಎಷ್ಟು ಎತ್ತರ ಬೇಕು ಅಂತ ಅವರೇ ಮಗನಿಗೆ ಹೇಳಲಿ.