ಆರ್ಥರ್ ರಾಜನ ಪಾತ್ರ ಯಾರಿಗೆ ಕೊಡುದು?

ಪ್ರಶ್ನೆ: ನಾವು ನಾಲ್ಕೈದು ಜನ ಆದಿತ್ಯವಾರ ಸೇರಿ ದಾಳ ಹಾಕಿ ರೋಲ್‌ಪ್ಲೇ ಗೇಮ್ (ಒಬ್ಬೊಬ್ರು ಕಥೆಯ ಒಂದೊಂದು ಪಾತ್ರ ಆಗುವ ಆಟ) ಆಡ್ತೇವೆ, ಕಥೆ ಬ್ರಿಟನ್ನಿನ ಆರ್ಥರ್ ರಾಜನ ಕಾಲದ್ದು. ಒಬ್ಬ ನಾನೇ ಆರ್ಥರ್ ಆಗುದು ಅಂತ ಹಠ ಹಿಡಿದಿದ್ದಾನೆ. ಕೊಡ್ಬಹುದಾ?
– ಓದುಗ, ಬದಿಯಡ್ಕ

ಉತ್ತರ: ಬೇಡ ಮಾರಾಯ್ರೇ! ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಮಾಡಿದ ಪೆಂಡ್ರಾಗನ್ ಗೇಮಲ್ಲಿ ಕೂಡ ಆಡುವವ್ರೆಲ್ಲ ನೈಟ್‌ಗಳು (ಕುದುರೆ ಮೇಲೆ ಹೋರಾಡುವ ವೀರರು), ಆರ್ಥರ್ ಇರುದು ಗೇಮ್ ನಡೆಸುವವನ ಕೈಲಿ. ಯಕ್ಷಗಾನದಲ್ಲಿ ದೇವೇಂದ್ರ ಒಡ್ಡೋಲಗ ಕೊಟ್ಟು ಕೂತ್ಕೊಳ್ತಾನೆ, ರಾತ್ರಿ ಇಡೀ ಕುಣಿಯುದು ಬೇರೆಯವ್ರಲ್ವಾ, ಹಾಗೆ. ಆ ಗೇಮಲ್ಲಿ ನಂಗೆ ಇಷ್ಟ ಆದದ್ದು ಗುಣಗಳ ಲೆಕ್ಕ: ಕರುಣೆ 13 ಇದ್ರೆ ಕ್ರೌರ್ಯ 7, ಎರಡೂ ಸೇರಿ ಯಾವಾಗ್ಲೂ 20. ಸೋತವ ಕಾಲಿಗೆ ಬಿದ್ದಾಗ 20 ಮುಖದ ದಾಳ ಹಾಕಿ, 13 ಅಥವಾ ಕಮ್ಮಿ ಬಿದ್ರೆ ಬಿಟ್ಟುಬಿಡುದು.

ನಿಮ್ಮ ಹಠಮಾರಿ ಕೇಳುದೇ ಇಲ್ಲ ಅಂತಾದ್ರೆ ಹಳೇ ಆರ್ಥರನ್ನು ಕೊಡಿ. 9ನೇ ಶತಮಾನದ ಲ್ಯಾಟಿನ್ ಬರಹದಲ್ಲಿ ಅವ ರಾಜರ ಜೊತೆ ಸೇರಿ ಬ್ರಿಟನ್ನಿಗೆ ದಾಳಿ ಮಾಡಿದ ಸ್ಯಾಕ್ಸನ್ನರ ವಿರುದ್ಧ 12 ಯುದ್ಧ ಮಾಡಿದ ದಳಪತಿ, ಅಷ್ಟೇ, ಕೊನೇದ್ರಲ್ಲಿ ಒಬ್ನೇ ಒಂದೇ ದಾಳಿಗೆ 960 ಜನರನ್ನು ಕೊಂದ ಅಂತ ಬೇರೆ ಬರ್ದಿದ್ದಾರೆ (ಅದಕ್ಕೆ ಮಾತ್ರ ದಾಳ ಹಾಕಿಸ್ಬೇಡಿ, ಬೆಳಗಾಗ್ತದೆ). ಆರ್ಥರನ ನೈಟ್‌ಗಳು ಸುತ್ತ ಕೂರುವ ದುಂಡು ಮೇಜೂ ತರ್ಬೇಡಿ, ಅದು ಕಥೆಗೆ ಸೇರಿದ್ದು 1155ರಲ್ಲಿ ವೇಸ್ ಅನ್ನುವ ಕವಿ ಬರೆದ ಮೇಲೆ.