ಕಿತ್ತ ಜಾಗದಲ್ಲಿ ಹುಲ್ಲು ಬಂದಿತೆ?

ಪ್ರಶ್ನೆ: ಬಂಡೀಪುರದ ಮೂಲಕ ಊಟಿಗೆ ಹೋಗುವಾಗ ರಸ್ತೆಯ ಎರಡೂ ಬದಿಯಲ್ಲಿ ಆಳೆತ್ತರದ ಲಂಟಾನ ಪೊದೆಗಳನ್ನು ಕಂಡೆವು. ಮೈತುಂಬ ಹೂವಿತ್ತು, ಚಿಟ್ಟೆಗಳು ಮುತ್ತಿದ್ದವು. ಕಾಡು ಇಷ್ಟು ಹಸಿರಾಗಿರುವಾಗ ಈ ಗಿಡವನ್ನು ಕೀಳಲು ಹಣ ಖರ್ಚು ಮಾಡುವುದೇಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಕಾಡಿನ ಹಸಿರನ್ನು ಅಳೆಯುವಾಗ ಅದನ್ನು ಮೇಯುವವರು ಯಾರೆಂದು ಮೊದಲು ನೋಡಬೇಕು. ಲಂಟಾನದ ಎಲೆಯನ್ನು ಕೈಯಲ್ಲಿ ಹೊಸಕಿದರೆ ಏಳುವ ಘಾಟು ವಾಸನೆ, ಚೌಕಾಕಾರದ ಕಾಂಡದ ಮೇಲೆ ಹಿಂದಕ್ಕೆ ಬಾಗಿದ ಮುಳ್ಳು, ಇವೆರಡೂ ಜಿಂಕೆ ಕಡವೆಗಳನ್ನು ದೂರವಿಡುತ್ತವೆ. ಸಾಲದೆಂಬಂತೆ ಎಲೆಯಲ್ಲಿ ಯಕೃತ್ತನ್ನು ಕೆಡಿಸುವ ವಿಷಾಂಶವೂ ಇದೆ. ಬರಗಾಲದಲ್ಲಿ ಬೇರೆ ಮೇವು ಸಿಗದೆ ಅದನ್ನು ತಿಂದ ದನಗಳಿಗೆ ಕಾಮಾಲೆ ಬರುತ್ತದೆ, ಬಿಸಿಲು ತಾಗಿದ ಕಡೆ ಚರ್ಮ ಸುಟ್ಟಂತೆ ಬಿರಿಯುತ್ತದೆ.

ಅಮೆರಿಕ ಖಂಡದ ಉಷ್ಣ ಪ್ರದೇಶದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂದೋಟದ ಅಂದಕ್ಕೆಂದು ಕಲ್ಕತ್ತೆಗೆ ತರಲಾಯಿತು. ಅಲ್ಲಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಅದು ನಡೆದುಬಂದ ದಾರಿಯಲ್ಲಿ ಪಿಕಳಾರದಂತಹ ಹಕ್ಕಿಗಳ ಪಾಲು ದೊಡ್ಡದು. ಮಾಗಿದ ಕಪ್ಪು ಹಣ್ಣನ್ನು ನುಂಗಿ ದೂರದ ಮರದಲ್ಲಿ ಕೂತು ಅವು ಬೀಜ ಉದುರಿಸುತ್ತವೆ. ಇದನ್ನು ತಿನ್ನುವ ಕೀಟಗಳನ್ನು ಹೊರದೇಶದಿಂದ ತರಿಸಿ ಬಿಡುವ ಪ್ರಯತ್ನ 1921ರಲ್ಲಿಯೇ ನಡೆದಿತ್ತಾದರೂ ಗಿಡ ಸೋಲಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಸಂಶೋಧಕರು ಗುರುತು ಹಾಕಿಕೊಂಡಿದ್ದ ತಾಣಗಳಲ್ಲಿ 1997ರಲ್ಲಿ ಶೇಕಡ 41ರಷ್ಟು ಕಡೆ ಮಾತ್ರ ಲಂಟಾನವಿತ್ತು. ಅದೇ ತಾಣಗಳನ್ನು 2008ರಲ್ಲಿ ಮತ್ತೆ ನೋಡಿದಾಗ ಅದು ಶೇಕಡ 81ಕ್ಕೆ ಏರಿತ್ತು. ದೇಶದ ಒಟ್ಟು ಲೆಕ್ಕ ಹಿಡಿದ 2020ರ ಅಧ್ಯಯನವೊಂದು, ಹುಲಿ ಬದುಕುವ ಕಾಡಿನಲ್ಲಿ ಸುಮಾರು 1,54,000 ಚದರ ಕಿಲೋಮೀಟರಿನಷ್ಟು ಪ್ರದೇಶ ಈ ಗಿಡದ ಕಾಟಕ್ಕೆ ಸಿಕ್ಕಿದೆ ಎಂದು ಅಂದಾಜಿಸಿತು.

ಚಿಟ್ಟೆಗಳಿಗೆ ಅದರ ಹೂವಿನಲ್ಲಿ ಮಕರಂದ ಸಿಗುವುದು ನಿಜ. ಆದರೆ ಪೊದೆಯನ್ನು ಸರಿಸಿ ಅದರಡಿಯ ನೆಲವನ್ನೊಮ್ಮೆ ನೋಡಿ: ಬಿಸಿಲು ಇಳಿಯದ ಆ ಕತ್ತಲಲ್ಲಿ ಹುಲ್ಲಿನ ಎಸಳು ಕಾಣುವುದಿಲ್ಲ, ಬಿದ್ದ ನೆಲ್ಲಿ, ಹೊನ್ನೆ, ಮತ್ತಿಯ ಬೀಜ ಮೊಳೆತರೂ ಮೇಲೇಳುವುದು ಕಷ್ಟ. ಇಂದು ನಿಂತಿರುವ ದೊಡ್ಡ ಮರಗಳು ಮುಪ್ಪಾಗಿ ಉರುಳಿದಾಗ ಆ ಜಾಗಕ್ಕೆ ಬರಬೇಕಾದ ಎಳೆಯ ಮರಗಳೇ ಇಲ್ಲದ ಕಾಡು ಅದು. ಹುಲ್ಲು ಹೋದರೆ ಜಿಂಕೆ ಮತ್ತು ಕಾಟಿಗಳ ಹೊಟ್ಟೆಗೆ ಪೆಟ್ಟು, ಮೇವು ಹುಡುಕುವ ಆನೆಗೆ ಕಾಡಂಚಿನ ರಾಗಿ ಹೊಲ ಇನ್ನಷ್ಟು ಹತ್ತಿರ. ಹೊಲ ಕಾಯುತ್ತ ರಾತ್ರಿಯಿಡೀ ಅಟ್ಟಣೆಯ ಮೇಲೆ ಎಚ್ಚರವಿರುವ ರೈತನಿಗೂ ಈ ಹೂಗಿಡಕ್ಕೂ ಸಂಬಂಧವಿದೆ ಎಂಬುದನ್ನು ನಾವು ಮರೆಯಬಾರದು.

ಪ್ರಶ್ನೆ: ನಮ್ಮ ಜಮೀನು ಕಾಡಿಗೆ ಹೊಂದಿಕೊಂಡಿದೆ. ಪ್ರತಿ ವರ್ಷ ಲಂಟಾನವನ್ನು ಮಚ್ಚಿನಿಂದ ಸವರಿಸುತ್ತೇನೆ. ಮುಂದಿನ ಮಳೆಗೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಪರಿಹಾರವೇನು?
– ರೈತರೊಬ್ಬರು, ಕೊಳ್ಳೇಗಾಲ ತಾಲ್ಲೂಕು

ಉತ್ತರ: ಸವರುವುದನ್ನು ಇಂದೇ ನಿಲ್ಲಿಸಿ. ಕಾಂಡವೂ ಬೇರೂ ಕೂಡುವ ಗಂಟಿನಂತಹ ಭಾಗದಲ್ಲಿ ಮರಳಿ ಚಿಗುರುವ ಶಕ್ತಿ ಇರುತ್ತದೆ. ಮೇಲಿನದನ್ನು ಕಡಿದಷ್ಟೂ ಆ ಗಂಟಿನಿಂದ ಹೆಚ್ಚು ಕವಲುಗಳು ಏಳುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಬಳಸಿದ ಕ್ರಮ ಸರಳವಾಗಿದೆ: ಬುಡದ ಸುತ್ತ ಮಣ್ಣು ಬಿಡಿಸಿ, ಆ ಗಂಟಿಗಿಂತ ಕೆಳಗೆ, ನೆಲಮಟ್ಟದಿಂದ ಮೂರ್ನಾಲ್ಕು ಬೆರಳು ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಇಡೀ ಪೊದೆಯನ್ನು ಬೇರು ಮೇಲಾಗುವಂತೆ ಮಗುಚಿ ಒಣಗಲು ಬಿಡುವುದು. ಮಣ್ಣು ಮೆತ್ತಗಿರುವ ಮಳೆಗಾಲದಲ್ಲಿ, ಕಾಯಿ ಹಣ್ಣಾಗುವ ಮೊದಲೇ ಈ ಕೆಲಸ ಮಾಡಿದರೆ ಕೂಲಿಯೂ ಉಳಿಯುತ್ತದೆ, ಬೀಜವೂ ಬೀಳುವುದಿಲ್ಲ.

ನಿಜವಾದ ಕೆಲಸ ಆಮೇಲಿನದು. ಒಳ್ಳೆಯ ಮಳೆ ಬಿದ್ದ ಕೆಲವು ದಿನಗಳಲ್ಲಿ ಹೋಗಿ ನೋಡಿದರೆ, ಹಕ್ಕಿ ಕೂರುವ ಕೊಂಬೆಯ ನೇರ ಕೆಳಗೆ ಲಂಟಾನದ ಎಳೆಯ ಸಸಿಗಳು ಎದ್ದಿರುತ್ತವೆ. ಎರಡು ಬೆರಳಲ್ಲಿ ಹಿಡಿದೆಳೆದರೆ ಬರುವ ಅವನ್ನು ಆಗಲೇ ಕೀಳಬೇಕು. ಎರಡು ಮೂರು ಮಳೆಗಾಲ ಹೀಗೆ ಬೆನ್ನು ಹತ್ತಬೇಕು, ತೆರವಾದ ನೆಲದಲ್ಲಿ ನಿಮ್ಮ ಸೀಮೆಯದೇ ಹುಲ್ಲಿನ ಬೀಜ ಎರಚಬೇಕು. ಸಂರಕ್ಷಿತ ಕಾಡುಗಳಲ್ಲಿಯೂ ಹಣ ನೀರುಪಾಲಾಗುವುದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ: ಎಷ್ಟು ಹೆಕ್ಟೇರ್ ಕಿತ್ತೆವು ಎಂಬ ಲೆಕ್ಕ ಬರೆಯುತ್ತೇವೆ, ಕಿತ್ತ ಜಾಗದಲ್ಲಿ ಮೂರನೆಯ ವರ್ಷ ಹುಲ್ಲು ಬಂದಿತೇ ಎಂಬ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಬರೆಯುವುದಿಲ್ಲ.

ಕಿತ್ತ ಕಡ್ಡಿಯನ್ನು ಬಿಸಾಡಬೇಕಿಲ್ಲ. ನಿಮಗೆ ಹತ್ತಿರದ ಮಲೆ ಮಹದೇಶ್ವರ ಬೆಟ್ಟದಲ್ಲಿ ಅದನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿದಿರು ಬೆತ್ತದಂತೆ ಬಾಗಿಸಿ ಕುರ್ಚಿ ಮೇಜು ಮಾಡುವ ಕುಶಲಕರ್ಮಿಗಳಿದ್ದಾರೆ. 2024ರಲ್ಲಿ ಲಾಲ್‌ಬಾಗಿನಲ್ಲಿ ನಿಲ್ಲಿಸಿದ್ದ ಆನೆ ಗಾತ್ರದ ಆನೆಗಳು ಇದೇ ಕಡ್ಡಿಯಿಂದ ಆದಿವಾಸಿಗಳು ಕಟ್ಟಿದವು. ಇದರಿಂದಲೇ ಕಾಡು ತೆರವಾಗುತ್ತದೆಂದು ಭಾವಿಸುವಂತಿಲ್ಲ, ಆದರೆ ಒಂದಷ್ಟು ಮನೆಗಳ ಒಲೆ ಉರಿಯುತ್ತದೆ.

ಪ್ರಶ್ನೆ: ಹಿಂದೆ ಸೋಲಿಗ ಆದಿವಾಸಿಗಳು ಕಾಡಿಗೆ ಬೆಂಕಿ ಹಾಕುತ್ತಿದ್ದುದರಿಂದ ಲಂಟಾನ ಹಬ್ಬಿರಲಿಲ್ಲ ಎಂದು ಕೇಳಿದ್ದೇನೆ. ಹಾಗಾದರೆ ಈಗ ಸುಡಬಾರದೇಕೆ?
– ವಿದ್ಯಾರ್ಥಿನಿ, ಚಾಮರಾಜನಗರ

ಉತ್ತರ: ನೀವು ಕೇಳಿದ್ದು ತರಗುಬೆಂಕಿಯ ವಿಷಯ. ಬೇಸಿಗೆ ಬಲಿಯುವ ಮುನ್ನ, ನೆಲದ ಮೇಲಿನ ತರಗೆಲೆ ಮಾತ್ರ ಉರಿಯುವಂತೆ ಹಾಕುತ್ತಿದ್ದ ತಗ್ಗು ಬೆಂಕಿ ಅದು. ಅದರಲ್ಲಿ ಲಂಟಾನದ ಎಳೆಯ ಸಸಿಗಳು ಸಾಯುತ್ತಿದ್ದವು, ಮಳೆ ಬಂದೊಡನೆ ಹುಲ್ಲು ಚಿಗುರುತ್ತಿತ್ತು, ನೆಲ್ಲಿ ಮರವನ್ನು ಹೀರುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಅವರ ಮಾತನ್ನು ವಿಜ್ಞಾನಿಗಳು ಈಗ ಗಂಭೀರವಾಗಿ ಪರಿಗಣಿಸಿದ್ದಾರೆ. ಮೂವತ್ತು ವರ್ಷ ಮೊದಲೇ ಕೇಳಿದ್ದರೆ ಚೆನ್ನಾಗಿತ್ತು.

ಆದರೆ ಅಂದಿನ ಕಾಡು ಇಂದಿಲ್ಲ. ಈಗ ಆಳೆತ್ತರದ ಒಣ ಪೊದೆ ಮರದ ಕೊಂಬೆಗೆ ತಾಗಿಕೊಂಡೇ ನಿಂತಿರುವಲ್ಲಿ ಹಾಕಿದ ಕಿಡಿ ನೆಲದಲ್ಲಿ ಉಳಿಯದೆ, ಏಣಿ ಹತ್ತಿದ ಹಾಗೆ ಮರದ ನೆತ್ತಿಗೇರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಾಗ ಒಣಗಿದ ಲಂಟಾನ ಬೆಂಕಿಗೆ ಒದಗಿದ್ದನ್ನು ನೆನೆಯಿರಿ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧವೂ ಹೌದು. ಮೊದಲು ಪೊದೆಯನ್ನು ಬೇರುಸಹಿತ ತೆಗೆದು, ಹುಲ್ಲು ಮರಳಿದ ತುಣುಕುಗಳಲ್ಲಿ, 2011ರಲ್ಲಿ ಸಮುದಾಯ ಅರಣ್ಯ ಹಕ್ಕು (ಕಾಡನ್ನು ಒಟ್ಟಾಗಿ ಬಳಸುವ, ಕಾಯುವ ಹಕ್ಕು) ಪಡೆದ ಸೋಲಿಗರನ್ನೇ ಮುಂದಿಟ್ಟುಕೊಂಡು ಅರಣ್ಯ ಇಲಾಖೆಯು ತರಗುಬೆಂಕಿಯನ್ನು ಪರೀಕ್ಷಿಸಿ ನೋಡಬೇಕು ಎನ್ನುವುದು ನನ್ನ ಅಪೇಕ್ಷೆ.

ಪ್ರಶ್ನೆ: ನಮ್ಮ ಶಾಲೆಯ ಆವರಣದಲ್ಲಿ ನೆಡಲು ಹಳದಿ ಹೂವಿನ ಸೆನ್ನಾ ಸಸಿಗಳು ಸಿಗುತ್ತಿವೆ. ಬೇಗ ಬೆಳೆಯುತ್ತದಂತೆ. ನೆಡಬಹುದೆ?
– ಶಿಕ್ಷಕರು, ಹೆಗ್ಗಡದೇವನಕೋಟೆ

ಉತ್ತರ: ದಯವಿಟ್ಟು ಬೇಡ. ಅದು ಸೆನ್ನಾ ಸ್ಪೆಕ್ಟಾಬಿಲಿಸ್ ಆಗಿದ್ದರೆ, ನೆರಳಿಗೂ ಅಂದಕ್ಕೂ ನೆಟ್ಟ ಆ ಮರವೇ ಇಂದು ವಯನಾಡು, ಮುದುಮಲೈ, ಬಂಡೀಪುರ, ನಾಗರಹೊಳೆಗಳ ಕಾಡನ್ನು ನುಂಗುತ್ತಿದೆ. ಕಡಿದರೆ ಬುಡದಿಂದ ಹತ್ತಾರು ಚಿಗುರು ಏಳುವುದರಿಂದ, ಎಳೆಯದನ್ನು ಬೇರುಸಹಿತ ಕಿತ್ತು, ಬಲಿತದ್ದರ ತೊಗಟೆಯನ್ನು ಬುಡದವರೆಗೆ ಸುಲಿದು ನಿಂತಲ್ಲಿಯೇ ಒಣಗಿಸಬೇಕಾಗುತ್ತದೆ. ಮಕ್ಕಳಿಗೆ ಹಳದಿ ಹೂವೇ ಬೇಕೆಂದಿದ್ದರೆ ನಮ್ಮ ಕಕ್ಕೆ ಮರವಿದೆ. ಬೇಸಿಗೆಯಲ್ಲಿ ಎಲೆಯುದುರಿಸಿ ಗೊಂಚಲು ಗೊಂಚಲಾಗಿ ಇಳಿಬಿಡುವ ಅದರ ಹೂವನ್ನು ಅವರು ಹೇಗೂ ಊರ ಸುತ್ತ ನೋಡಿರುತ್ತಾರೆ. ಉದ್ದನೆಯ ಕಪ್ಪು ಕಾಯಿಯನ್ನು ಒಡೆದು ತೆಗೆದ ಬೀಜದ ಸಿಪ್ಪೆ ಗಟ್ಟಿಯಾಗಿರುತ್ತದೆ. ಒರಟು ಕಲ್ಲಿಗೆ ತುಸು ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿಸಿ.